ಇಲ್ಲ ಎಂದಾದರೂ ಬರೆದುಕೊಡಿ

ಮಾನ್ಯರೇ,

ಈ ತಾಲ್ಲೂಕಿನ ಶಾಲಾ ದಾಖಲೆಗಳಿಗೆ ಸಹಿ ಹಾಕುವ ಕುರ್ಚಿ ತಮ್ಮದು. ಅದರ ಎದುರಿನ ಬೆಂಚು ನನ್ನದು. ನನ್ನ ದೂರು ಒಂದೇ. ನನ್ನ ಮಗು ಹೆಣ್ಣು. ತಮ್ಮ ಪುಸ್ತಕದಲ್ಲಿ ಅದು ದೇವರಾಜು, ಗಂಡು ಎಂದಿದೆ. ಹೆಸರನ್ನು ರಾಧಾಮಣಿ ಎಂದು, ಲಿಂಗವನ್ನು ಹೆಣ್ಣು ಎಂದು ತಿದ್ದಿಕೊಡಿ ಎಂದು ಕೇಳಿಕೊಂಡು ಒಂದೂಮುಕ್ಕಾಲು ವರ್ಷದಲ್ಲಿ ಒಂಬತ್ತು ಸಲ ಬಂದೆ. ಒಂಬತ್ತು ಸಲವೂ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದಿರಿ. ಕಾಗದದ ಮೇಲೆ ಒಂದು ಸಲವೂ ಹೇಳಲಿಲ್ಲ. ಮಾರ್ಚಿಯಲ್ಲಿ ಹತ್ತನೇ ತರಗತಿಯ ಪರೀಕ್ಷೆ. ಗಂಡು ಹೆಸರಿನ ಹಾಲ್‌ಟಿಕೆಟ್ ಹಿಡಿದು ಹೋಗುವುದಿಲ್ಲ ಎಂದು ಮಗು ಹೇಳಿಬಿಟ್ಟಿದ್ದಾಳೆ. ಈಗ ಜನವರಿ. ಎರಡು ತಿಂಗಳಿಂದ ಶಾಲೆಗೂ ಹೋಗಿಲ್ಲ. ತಮ್ಮ ಕಚೇರಿಯ ಗೋಡೆಯ ಮೇಲೆ, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತನ್ನಿ ಎಂದು ಬಣ್ಣದಲ್ಲಿ ಬರೆಸಿದ್ದೀರಿ. ಬೆಂಚಿನಲ್ಲಿ ಕೂತು ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬರೆಸುವಾಗ ತಾವು ಓದಿದ್ದಿರೋ ಇಲ್ಲವೋ ಗೊತ್ತಿಲ್ಲ.

ನಾನು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಐವತ್ತು ವರ್ಷ. ಇಪ್ಪತ್ತೆರಡು ವರ್ಷದಿಂದ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಕೂಲಿ. ನನ್ನ ಗಂಡ ಮರಿಯಪ್ಪ ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ನಮ್ಮ ಹಿಪ್ಪುನೇರಳೆ ತೋಟ ಇದ್ದ ಜಾಗ ಈಗ ಆ ಕಾರ್ಖಾನೆಯ ಕಾಂಪೌಂಡಿನೊಳಗಿದೆ. ದೀಪ ಹಚ್ಚದೆ ಬಾಯಿಗೆ ನೀರು ಬಿಟ್ಟುಕೊಳ್ಳುವವಳಲ್ಲ ನಾನು. ಮಂಗಳವಾರ, ಶುಕ್ರವಾರ ಒಂದೊತ್ತು. ಇದನ್ನು ಹೇಳಬೇಕಾಗಿರಲಿಲ್ಲ. ಇಂಥ ಅರ್ಜಿ ತರುವವರಿಗೆ ದೇವರು ದಿಂಡರ ಭಯ ಇಲ್ಲ ಎಂದು ತಮ್ಮ ಕಚೇರಿಯಲ್ಲಿ ಯಾರೋ ಅಂದರು. ಅದಕ್ಕೇ ಹೇಳಿದೆ.

ಎರಡು ಮಕ್ಕಳು ಹೋದ ಮೇಲೆ ಉಳಿದದ್ದು ಈ ಒಂದು. ಉಳಿಸಿಕೊಟ್ಟರೆ ಮಗುವಿನ ಮುಡಿ ಕೊಡುತ್ತೇನೆ ಎಂದು ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದೆ. ಐದು ವರ್ಷ ಆ ತಲೆಗೆ ಕತ್ತರಿ ತಾಗಿಸಲಿಲ್ಲ. ಕೂದಲು ತೆಗೆಸುವ ಮೊದಲು ನಮ್ಮ ಕಡೆ ಗಂಡುಮಕ್ಕಳಿಗೆಲ್ಲ ಮಾಡುವ ಹಾಗೆ ಲಂಗ ರವಿಕೆ ತೊಡಿಸಿ, ಮೊಗ್ಗಿನ ಜಡೆ ಹೆಣೆದು, ಚನ್ನಪಟ್ಟಣದ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ, ಬೆನ್ನ ಹಿಂದೆ ಕನ್ನಡಿ ಇಟ್ಟು ಜಡೆ ಕಾಣುವಂತೆ ಫೋಟೋ ತೆಗೆಸಿದೆವು. ಮುಡಿ ಕೊಡುವಾಗ ಮಗು ಅತ್ತಿತು. ಎಲ್ಲ ಮಕ್ಕಳೂ ಅಳುತ್ತವೆ, ಬತ್ತಾಸು ಕೊಟ್ಟರೆ ಸುಮ್ಮನಾಗುತ್ತವೆ. ಇದು ಸುಮ್ಮನಾಗಲಿಲ್ಲ. ಆ ಲಂಗವನ್ನು ಒಂದು ವಾರ ಬಿಚ್ಚಲು ಬಿಡಲಿಲ್ಲ. ಮುಂದಿನ ವರ್ಷ ಶಾಲೆಗೆ ಸೇರಿಸಿದೆವು. ಮೂರನೇ ತರಗತಿಗೆ ರಾಧಾಮಣಿ ಎಂಬ ಟೀಚರ್ ಬಂದರು. ಒಂದು ದಿನ ಸಾಯಂಕಾಲ ಮಗು ಬಂದು, ಇನ್ನು ಮೇಲೆ ನನ್ನನ್ನು ಆ ಹೆಸರಿನಿಂದ ಕರೆಯಬೇಕು ಎಂದಿತು. ನಕ್ಕೆ. ಆಮೇಲೆ ನಗಲಿಲ್ಲ, ಹೊಡೆದೆ. ಕೈಯ ಬಳೆ ಒಡೆಯುವ ಹಾಗೆ ಹೊಡೆದಿದ್ದೇನೆ. ಅವರಪ್ಪ ಮಾಗಡಿಯಲ್ಲಿರುವ ನನ್ನ ಅಣ್ಣನ ಮನೆಯಲ್ಲಿ ಒಂದು ವರ್ಷ ಬಿಟ್ಟು ಬಂದರು, ಗಂಡುಹುಡುಗರ ಜೊತೆ ಬೆಳೆದರೆ ಸರಿಹೋಗುತ್ತದೆ ಎಂದು. ಸರಿಹೋಗಲಿಲ್ಲ. ಹನ್ನೆರಡು ತುಂಬಿದ ಮೇಲೆ ಕಬ್ಬಾಳಮ್ಮನ ಮುಂದೆ ನಿಂತು, ತಾಯಿ, ಇದನ್ನು ಸರಿಮಾಡು ಎಂದು ಹೂ ಕೇಳಿದೆ. ಬಲಗಡೆಯಿಂದ ಹೂ ಕೊಟ್ಟಳು. ಸಂತೋಷವಾಗಿ ಮನೆಗೆ ಬಂದೆ. ಯಾವುದನ್ನು ಸರಿಮಾಡುತ್ತಾಳೆ ಎಂದು ನಾನು ಕೇಳಿರಲಿಲ್ಲ. ವರ್ಷ ಕಳೆದರೂ ಮಗು ಬದಲಾಗಲಿಲ್ಲ. ಹೊಡೆಯಲು ನನ್ನ ಕೈ ಏಳದೆ ಹೋಯಿತು. ಅಮ್ಮ ಸರಿಮಾಡಿದ್ದು ಅದನ್ನೇ ಇರಬೇಕು ಎಂದುಕೊಂಡೆ.

ಎಂಟನೇ ತರಗತಿ ಮುಗಿದ ಬೇಸಿಗೆಯಲ್ಲಿ ತಮ್ಮ ಬಳಿಗೆ ಮೊದಲ ಸಲ ಬಂದೆ. ಅರ್ಜಿಗೆ ಆಧಾರ ಬೇಕು ಎಂದು ಯಾರೋ ಹೇಳಿದ್ದರಿಂದ ಆ ಮೊಗ್ಗಿನ ಜಡೆಯ ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ, ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದೆ. ನೋಡಿ ಸ್ವಾಮಿ, ಐದು ವರ್ಷಕ್ಕೇ ಹೆಣ್ಣಾಗಿ ಕಾಣುತ್ತಿತ್ತು ಎಂದೆ. ತಾವು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಿರಿ.

"ಏನಮ್ಮ ಇದು, ಇಂಥದ್ದು ನಂದೂ ಒಂದೈತೆ. ಜಡೆ, ಡಾಬು, ಬುಗುಡಿ ಎಲ್ಲಾ ಹಾಕ್ಸಿದ್ರು. ನಾನೇನ್ ಹೆಣ್ಣಾಗ್ಬುಟ್ನಾ?"

ಜವಾನ ಬಸವಯ್ಯನವರು ಬಾಗಿಲಲ್ಲಿ ನಿಂತು, "ನಮ್ಮನೇಲಿ ಮೂರವೆ ಸಾರ್, ಅಣ್ತಮ್ಮಂದ್ರೆಲ್ಲ ಲೈನಾಗ್ ನಿಂತಿದೀವಿ" ಎಂದರು. ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ ಎಂದು ನೆನಪು. ತಪ್ಪು ನನ್ನದೇ. ಈ ನಾಲ್ಕು ತಾಲ್ಲೂಕಿನಲ್ಲಿ ಆ ಫೋಟೋ ಇಲ್ಲದ ಗಂಡಸನ್ನು ಹುಡುಕುವುದೇ ಕಷ್ಟ. ಎಲ್ಲರ ಮನೆಯ ಗೋಡೆಯ ಮೇಲೆ ಇರುವುದನ್ನು ಸಾಕ್ಷಿ ಎಂದು ಹೊತ್ತುಕೊಂಡು ಬಂದ ಹೆಂಗಸನ್ನು ನೋಡಿ ಯಾರಾದರೂ ನಗುತ್ತಾರೆ. ಆದರೆ ಎರಡು ತಿಂಗಳ ನಂತರ ಬಂದಾಗ ತಾವು ಏನೆಂದಿರಿ, ನೆನಪಿದೆಯೇ? ಚಿಕ್ಕಂದಿನಲ್ಲಿ ಲಂಗ ಹಾಕಿಸಿ, ಜಡೆ ಹೆಣೆದು, ನೀನೇ ಆ ಹುಡುಗನ ತಲೆ ಕೆಡಿಸಿದೆ ಎಂದಿರಿ. ಅದೇ ಫೋಟೋ ಸ್ವಾಮಿ. ಸಾಕ್ಷಿಗೆ ಬಾರದ ಜಡೆ ಅಪರಾಧಕ್ಕೆ ಹೇಗೆ ಬಂತು? ಜಡೆಯಿಂದಲೇ ಗಂಡು ಹೆಣ್ಣಾಗುವುದಾದರೆ ತಮ್ಮ ಕುರ್ಚಿಯಲ್ಲಿ ಈಗ ಸೀರೆ ಉಟ್ಟವರು ಕೂತಿರಬೇಕಿತ್ತು, ಬಸವಯ್ಯನವರ ಮನೆಯಲ್ಲಿ ಮೂವರು ಅಕ್ಕತಂಗಿಯರಿರಬೇಕಿತ್ತು. ತಮ್ಮ ತಾಯಿ ಹೆಣೆದ ಜಡೆಯಿಂದ ತಮಗೆ ಏನೂ ಆಗಲಿಲ್ಲ. ನಾನು ಹೆಣೆದ ಜಡೆಯಿಂದಲೂ ಏನೂ ಆಗಿಲ್ಲ. ಮಗು ಇದ್ದ ಹಾಗೆ ಇದೆ.

ಇನ್ನೂ ಚಿಕ್ಕ ಹುಡುಗ, ಹದಿನೆಂಟು ತುಂಬಲಿ, ಆಮೇಲೆ ಬರಲಿ ಎನ್ನುತ್ತೀರಿ. ನಾಲ್ಕು ಜನ ಓದಿದವರೂ ಅದನ್ನೇ ಹೇಳಿದರು. ಮಕ್ಕಳ ಮಾತು ಕೇಳಿ ಸರ್ಕಾರದ ಪುಸ್ತಕ ತಿದ್ದಬಾರದು ಎಂದು. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಹಿಟ್ಟು ರುಬ್ಬುವಾಗಲೂ ಯೋಚಿಸಿದ್ದೇನೆ, ದೇವರ ಮುಂದೆ ಕೂತೂ ಯೋಚಿಸಿದ್ದೇನೆ. ಹದಿನೈದು ವರ್ಷದ ಮಗುವಿಗೆ ತಾನು ಹೆಣ್ಣು ಎಂದು ಹೇಳುವ ವಯಸ್ಸಾಗಿಲ್ಲ. ಹಾಗಾದರೆ ಐದು ವರ್ಷ ಹತ್ತು ತಿಂಗಳಿಗೆ ಗಂಡು ಎಂದು ಬರೆದುಕೊಂಡಿರಲ್ಲ, ಆಗ ವಯಸ್ಸಾಗಿತ್ತೇ? ಆ ದಿನ ಯಾರೂ ಅವಳನ್ನು ಕೇಳಲಿಲ್ಲ. ನಾನು ಹೇಳಿದೆ, ಮೇಷ್ಟ್ರು ಬರೆದುಕೊಂಡರು. ಅದೇ ನಾನು ಈಗ ಬಂದು ಹೇಳುತ್ತಿದ್ದೇನೆ. ಅಂದು ನಂಬಿದಿರಿ, ಇಂದು ನಂಬುವುದಿಲ್ಲ. ನಾಳೆ ಮನಸ್ಸು ಬದಲಾದರೆ ಏನು ಮಾಡುತ್ತೀಯ ಎಂದು ಕೇಳಿದಿರಿ. ಬದಲಾದರೆ ಮತ್ತೆ ಬಂದು ಅದೇ ಬೆಂಚಿನಲ್ಲಿ ಕೂರುತ್ತೇನೆ. ನನಗೆ ಅಭ್ಯಾಸವಾಗಿದೆ. ನಿನ್ನೊಬ್ಬಳಿಗೆ ಮಾಡಿಕೊಟ್ಟರೆ ಊರೆಲ್ಲ ಸಾಲು ನಿಲ್ಲುತ್ತದೆ ಎಂದಿರಿ. ಒಂಬತ್ತು ಸಲದಲ್ಲಿ ಒಂದು ಸಲವೂ ನನ್ನ ಹಿಂದೆ ಯಾರೂ ನಿಂತಿರಲಿಲ್ಲ. ಮಗುವಿನ ಮೈಮೇಲೆ ಕೈ ಹಾಕಿ ಎಂದು ನಾನು ಕೇಳಿಲ್ಲ, ಔಷಧಿ ಕೊಡಿ ಎಂದೂ ಕೇಳಿಲ್ಲ. ಪುಸ್ತಕದಲ್ಲಿ ಎರಡು ಪದ.

ಡಾಕ್ಟರ ಸರ್ಟಿಫಿಕೇಟ್ ತಾ ಎಂದಿರಿ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ನಾಲ್ಕು ಸಲ ಹೋದೆವು. ಅಲ್ಲಿಯ ಡಾಕ್ಟರಮ್ಮ ಮಗುವನ್ನು ಒಳಗೆ ಕೂರಿಸಿಕೊಂಡು ಒಂದೊಂದು ಗಂಟೆ ಮಾತಾಡಿದರು. ಕೊನೆಗೆ ನನ್ನನ್ನು ಕರೆದು, ಇದು ಕಾಯಿಲೆ ಅಲ್ಲಮ್ಮ, ಹೊಡೆಯಬೇಡಿ, ಓದಿಸಿ ಎಂದರು. ಅದನ್ನೇ ಬರೆದುಕೊಟ್ಟರು. ತಾವು ಓದಿದಿರಿ. ಕಾಯಿಲೆ ಇಲ್ಲ ಎಂದ ಮೇಲೆ ತಿದ್ದುವುದಕ್ಕೆ ಕಾರಣ ಏನಿದೆ ಎಂದು ಹಿಂದಕ್ಕೆ ಕೊಟ್ಟಿರಿ. ಕಾಯಿಲೆ ಎಂದು ಬರೆಸಿ ತಂದಿದ್ದರೆ, ಮೊದಲು ವಾಸಿ ಮಾಡಿಸು ಎನ್ನುತ್ತಿದ್ದಿರೇನೋ. ಗೊತ್ತಿಲ್ಲ.

ಬರೆದದ್ದನ್ನು ಬದಲಾಯಿಸಲು ಬರುವುದಿಲ್ಲ ಎಂಬುದು ತಮ್ಮ ಕೊನೆಯ ಮಾತು. ನಾನು ಓದಿದ್ದು ಕಡಿಮೆ, ಆದರೆ ಕಣ್ಣಿದೆ. ನಮ್ಮ ತೋಟ ಪಹಣಿಯಲ್ಲಿ ಹಿಪ್ಪುನೇರಳೆ ಎಂದಿತ್ತು. ಒಂದು ನೋಟೀಸು ಬಂತು, ಕೈಗಾರಿಕೆ ಎಂದಾಯಿತು. ಗಿಡ ಇನ್ನೂ ಹಸಿರಾಗಿ ನಿಂತಿತ್ತು, ಪುಸ್ತಕ ಮೊದಲೇ ಬದಲಾಗಿತ್ತು. ಒಂದೂವರೆ ವರ್ಷದ ಹಿಂದೆ ನಾವೆಲ್ಲ ಬೆಂಗಳೂರು ಗ್ರಾಮಾಂತರ ಜಿಲ್ಲೆಯವರು. ಒಂದು ಬೆಳಿಗ್ಗೆ ಎದ್ದರೆ ರಾಮನಗರ ಜಿಲ್ಲೆಯವರು. ಬೆಟ್ಟಗಳಿಗೆ ಹದಿನೆಂಟು ತುಂಬಿದೆಯೇ ಎಂದು ಯಾರೂ ಕೇಳಲಿಲ್ಲ. ತಮ್ಮ ಬಾಗಿಲ ಬೋರ್ಡಿಗೂ ಹೊಸ ಬಣ್ಣ ಬಂತು. ಇಷ್ಟು ಜನರ ಹೆಸರಿನ ಮುಂದಿನ ಜಿಲ್ಲೆಯನ್ನು ತಿದ್ದಿದ ಸರ್ಕಾರಕ್ಕೆ ಒಂದು ಮಗುವಿನ ಸಾಲು ತಿದ್ದಲು ಶಾಯಿ ಸಾಲದೇ?

ನನ್ನ ಕೆಲಸವೂ ಬರೆಯುವ, ತಿದ್ದುವ ಕೆಲಸವೇ. ರೇಷ್ಮೆ ಗೂಡು ಕತ್ತರಿಸಿ, ಒಳಗಿನ ಪ್ಯೂಪಾದ ಹೊಟ್ಟೆಯ ಗುರುತು ನೋಡಿ, ಗಂಡು ಒಂದು ತಟ್ಟೆಗೆ, ಹೆಣ್ಣು ಒಂದು ತಟ್ಟೆಗೆ ಹಾಕಿ ಚೀಟಿ ಅಂಟಿಸುತ್ತೇವೆ. ಹುಳಕ್ಕೂ ಮಕ್ಕಳಿಗೂ ಹೋಲಿಕೆ ಮಾಡುತ್ತಿಲ್ಲ, ದೇವರು ಮೆಚ್ಚುವುದಿಲ್ಲ. ಚೀಟಿಯ ಮಾತು ಹೇಳುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಮಾಡಿದರೂ ತಪ್ಪುತ್ತದೆ. ಆದ್ದರಿಂದ ಚಿಟ್ಟೆ ಹೊರಬರುವ ಬೆಳಿಗ್ಗೆ ಪ್ರತಿ ತಟ್ಟೆಯನ್ನೂ ಮತ್ತೆ ನೋಡಬೇಕೆಂದು ನಿಯಮ. ನನ್ನ ಪಕ್ಕ ಕೂರುವ ರಾಮನಗರದ ವಜೀರಾಳಿಗೆ ಕಣ್ಣು ಚುರುಕು. "ಮಾಯಕ್ಕ, ನಿನ್ ಹೆಣ್ ತಟ್ಟೇಲಿ ಅಳಿಯ ಕುಂತವ್ನೆ ನೋಡು" ಎನ್ನುತ್ತಾಳೆ. ಎತ್ತಿ ಆಚೆ ತಟ್ಟೆಗೆ ಬಿಡುತ್ತೇನೆ. ಚೀಟಿಯಲ್ಲಿ ಹೆಣ್ಣು ಎಂದಿದೆ, ಆದ್ದರಿಂದ ನೀನು ಹೆಣ್ಣೇ ಎಂದು ಚಿಟ್ಟೆಯ ಜೊತೆ ಯಾರೂ ವಾದ ಮಾಡುವುದಿಲ್ಲ. ಮಾಡಿದರೆ ಸೂಪರ್‌ವೈಸರು ಕೆಲಸದಿಂದ ತೆಗೆಯುತ್ತಾರೆ. ತಮ್ಮ ಕಚೇರಿಯಲ್ಲಿ ಎರಡನೇ ಸಲ ನೋಡುವ ನಿಯಮವೇ ಇಲ್ಲವೇ?

ಇನ್ನು ಒಂದು ಸಂಗತಿ ಉಳಿದಿದೆ. ಅದನ್ನು ಮೊದಲೇ ಹೇಳಬೇಕಿತ್ತು.

ನವೆಂಬರಿನಲ್ಲಿ ಪರೀಕ್ಷೆಗೆ ಕೂರುವವರ ಫೋಟೋ ಕೇಳಿದರು. ಮಗುವಿನ ಕೂದಲು ಆಗ ಹೆಗಲು ದಾಟಿ ಬೆನ್ನಿಗೆ ಇಳಿದಿತ್ತು. ಗಂಡುಹುಡುಗನ ಹಾಲ್‌ಟಿಕೆಟ್‌ಗೆ ಈ ಫೋಟೋ ನಡೆಯುವುದಿಲ್ಲ, ಕೂದಲು ತೆಗೆಸಿ ತನ್ನಿ ಎಂದು ಶಾಲೆಯವರು ಹೇಳಿದರು. ತಮ್ಮನ್ನು ಕೇಳಿದೆ. ಅವರು ಹೇಳಿದ ಹಾಗೆ ಮಾಡು, ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದಿರಿ. ಮನೆಯಲ್ಲಿ ಮರಿಯಪ್ಪ ಎರಡು ವರ್ಷದಿಂದ ಮಗುವಿನ ಜೊತೆ ಮಾತು ಬಿಟ್ಟವರು, "ಮೊದ್ಲು ಪರೀಕ್ಷೆ ಬರೀಲಿ" ಎಂದರು. ಕೂದಲು ತೆಗೆಸು ಎಂದರೆ ಮಗು ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಅಮ್ಮನಿಗೆ ಇನ್ನೊಂದು ಮುಡಿ ಹರಕೆ ಇದೆ, ನಿನಗೆ ಜ್ವರ ಬಂದಾಗ ಹೊತ್ತಿದ್ದೆ ಎಂದೆ. ಅಂಥ ಹರಕೆ ನಾನು ಹೊತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ಕಬ್ಬಾಳಿಗೆ ಹೋದೆವು. ಕ್ಷೌರದವನ ಮುಂದೆ ಕೂತು, ತಲೆಗೆ ನೀರು ಹಾಕಿಸಿಕೊಂಡ ಮೇಲೆ ಮಗು ನನ್ನ ಕಡೆ ತಿರುಗಿತು.

"ಅವ್ವ, ಈ ಮುಡಿ ಅಮ್ನೋರ್ಗಾ, ಇಸ್ಕೂಲ್ಗಾ?"

"ಅಮ್ನೋರ್ಗೆ ಕಣವ್ವ" ಎಂದೆ.

ಅವಳು ಅಳಲಿಲ್ಲ. ಐದನೇ ವಯಸ್ಸಿನಲ್ಲಿ ಅಷ್ಟು ಅತ್ತ ಮಗು. ಸ್ನಾನ ಮಾಡಿಸಿ, ಪೂಜೆ ಮಾಡಿಸಿ, ಬರುವಾಗ ದಾರಿಯಲ್ಲೇ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಸ್ಟುಡಿಯೋದವನು ಶರ್ಟು ಕೊಟ್ಟಾಗ ಅವಳಿಗೆ ತಿಳಿಯಿತು. ಶರ್ಟು ಹಾಕಿಕೊಂಡು ಕೂತಳು. ಫೋಟೋ ಸರಿಯಿದೆ ಎಂದು ಶಾಲೆಯವರೂ ಒಪ್ಪಿದರು, ತಮ್ಮ ಕಚೇರಿಯೂ ಒಪ್ಪಿತು. ನನ್ನ ಹತ್ತಿರ ಒಂದು ಪ್ರತಿ ಇದೆ. ಬೋಳುತಲೆಯ ಆ ಫೋಟೋ ನೋಡಿ ಗಂಡೋ ಹೆಣ್ಣೋ ಯಾರೂ ಹೇಳಲಾರರು. ತಾವು ಹೇಗೆ ಹೇಳಿದಿರೋ. ಅಂದಿನಿಂದ ಮಗು ತಲೆಗೆ ಟವಲು ಸುತ್ತಿಕೊಂಡು ಒಳಕೋಣೆಯಲ್ಲಿ ಇರುತ್ತಾಳೆ. ಊಟಕ್ಕೆ ಕರೆದರೆ ಬರುತ್ತಾಳೆ. ಪುಸ್ತಕ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ತನ್ನಂಥವರೇ ಕೂಡಿಕೊಂಡು ಇರುವ ಮನೆಗಳಿವೆಯಂತೆ, ಮಾರ್ಚಿ ಆದ ಮೇಲೆ ಅಲ್ಲಿಗೆ ಹೋಗುತ್ತೇನೆ ಎಂದಿದ್ದಾಳೆ. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ಅಲ್ಲಿರುವವರನ್ನು ನಾನು ಕೆಟ್ಟವರು ಎನ್ನುವುದಿಲ್ಲ. ನಾವು ಇಟ್ಟುಕೊಳ್ಳದ ಮಕ್ಕಳನ್ನು ಅವರು ಇಟ್ಟುಕೊಂಡಿದ್ದಾರೆ. ಆದರೆ ಹತ್ತನೇ ತರಗತಿ ಪಾಸಾಗದ ಮಗು ಅಲ್ಲಿ ಏನು ಮಾಡಿ ಬದುಕಬೇಕು ಎಂದು ನನಗೂ ಗೊತ್ತು, ತಮಗೂ ಗೊತ್ತು.

ನಾನು ಮತ್ತೆ ಕಬ್ಬಾಳಿಗೆ ಹೋಗಿ ತಪ್ಪಾಯಿತು ಎಂದು ಅಡ್ಡಬಿದ್ದು ಬಂದೆ. ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿದೆ, ಒಂದು ಕಚೇರಿಗೋಸ್ಕರ ಹೇಳಿದೆ ಎಂದೆ. ಈ ಸಲ ಹೂ ಕೇಳಲಿಲ್ಲ.

ಈಗ ನನ್ನ ಬೇಡಿಕೆ. ಮಾರ್ಚಿಗೆ ಮೊದಲು ಆ ಎರಡು ಪದ ತಿದ್ದಿ. ಕೂದಲು ಕಿವಿಯವರೆಗೂ ಬಂದಿಲ್ಲ, ಆದರೂ ಆ ತಲೆಯಲ್ಲೇ, ಲಂಗ ದಾವಣಿಯಲ್ಲೇ ಅವಳು ಪರೀಕ್ಷೆಗೆ ಕೂರಲಿ. ಆಗುವುದಿಲ್ಲ ಎಂದಾದರೆ ಹಿಂಬರಹ ಕೊಡಿ. ಅರ್ಜಿ ತಿರಸ್ಕರಿಸಿದರೆ ಯಾಕೆ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಡಬೇಕೆಂದು ಬಸವಯ್ಯನವರೇ ನನಗೆ ಹೇಳಿಕೊಟ್ಟರು. ಅದನ್ನು ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗುತ್ತೇನೆ, ಕೋರ್ಟು ಎಂದರೆ ಕೋರ್ಟಿಗೂ ಹೋಗುತ್ತೇನೆ. ಬಾಯಲ್ಲಿ ಹೇಳಿದ ಇಲ್ಲ ಎಂಬುದನ್ನು ಯಾವ ಕೋರ್ಟಿನಲ್ಲಿ ತೋರಿಸಲಿ?

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಮಗುವಿಗೆ ಓದಿ ಹೇಳಿದೆ. ಊರಿನ ಹೆಸರು ಹಾಕಬೇಡ, ನನ್ನ ಹೆಸರು ಹಾಕು ಎಂದಳು. ಹಿಂಬರಹ ಎಂದರೇನು ಎಂದು ಕೇಳಿದಳು, ಹೇಳಿದೆ. ಅರ್ಜಿ ಯಾರ ಹೆಸರಿನಲ್ಲಿದೆ ಎಂದು ಕೇಳಿದಳು. ನಿನ್ನ ಹೆಸರಿನಲ್ಲಿದೆ, ರಾಧಾಮಣಿ ಎಂದೇ ಕೊಟ್ಟಿದ್ದೇನೆ ಎಂದೆ.

"ಹಂಗಾರೆ ಇಲ್ಲ ಅಂತ್ಲೇ ಬರ್ಕೊಡ್ಲಿ ಬುಡವ್ವ. ಇಲ್ಲ ಅನ್ನಕಾದ್ರೂ ನನ್ ಹೆಸ್ರು ಬರೀಬೇಕಲ್ಲ."

ಎರಡು ತಿಂಗಳಲ್ಲಿ ಅವಳು ಆಡಿದ ದೊಡ್ಡ ಮಾತು ಅದು. ಸೋಮವಾರ ಹತ್ತು ಗಂಟೆಗೆ ಬಂದು ಬೆಂಚಿನ ಮೇಲೆ ಕೂತಿರುತ್ತೇನೆ.

ಇಂತಿ,
ತಮ್ಮ ಪುಸ್ತಕದ ಪ್ರಕಾರ ದೇವರಾಜುವಿನ ತಾಯಿ,
ನಮ್ಮ ಮನೆಯ ಪ್ರಕಾರ ರಾಧಾಮಣಿಯ ತಾಯಿ,
ಮಾಯಮ್ಮ