ಎಂಜಿನ್ ನಿಂತ ಬೆಳಗು

ಮನೆಯಿಂದ,
ಜನವರಿ ೧೮

ನಮ್ಮ ಗುಬ್ಬಿಯ ಅಪ್ಪನವರಿಗೆ,

ಈ ಅಕ್ಷರ ನೋಡಿ ಗಾಬರಿಯಾಗಬೇಡಿ. ಇದು ನನ್ನದೇ ಕೈಬರಹ. ಸಾಲು ಸೊಟ್ಟಗಿದೆ, ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ತಿಳಿಯದು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಇಷ್ಟುದ್ದದ ಕಾಗದ ಬರೆಯುವುದು ಇದೇ ಮೊದಲು. ಇದುವರೆಗೆ ನಾನು ಹೇಳುತ್ತಿದ್ದೆ, ಪಕ್ಕದ ಮನೆಯ ಅಕ್ಕ ಮುತ್ತು ಪೋಣಿಸಿದ ಹಾಗೆ ಬರೆದುಕೊಡುತ್ತಿದ್ದಳು. ಈಗ ಅಕ್ಕ ಇಲ್ಲಿಲ್ಲ. ಉತ್ತರ ತಡವಾದದ್ದಕ್ಕೂ ಅದೇ ಕಾರಣ. ಸಿಟ್ಟು ಮಾಡಿಕೊಳ್ಳಬೇಡಿ.

ನಿಮ್ಮ ಕಾಗದವೂ ಹಿಮದಲ್ಲಿ ಸಿಕ್ಕಿಕೊಂಡು ತಡವಾಗಿಯೇ ಬಂತು. ಬೇಸಿಗೆಗೆ ನಿಮ್ಮ ಮಿಲಿಟರಿ ಚಾಕರಿಯ ಅವಧಿ ಮುಗಿಯುತ್ತದೆ, ಇನ್ನೊಂದು ಅವಧಿಗೆ ಸಹಿ ಹಾಕಲೋ ಮನೆಗೆ ಬಂದುಬಿಡಲೋ, ತಿಂಗಳು ಮುಗಿಯುವುದರೊಳಗೆ ತಿಳಿಸು ಎಂದು ಕೇಳಿದ್ದೀರಿ. ಹಿಂದೆಯೂ ಕೇಳಿದ್ದಿರಿ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಮನೆಯ ಸುದ್ದಿ.

ಚಳಿ ಈ ವರ್ಷ ಮೂಳೆಗೆ ಇಳಿದಿದೆ. ಒಗೆದು ಹಾಕಿದ ಬಟ್ಟೆ ಹಗ್ಗದ ಮೇಲೆ ಹಲಗೆಯಾಗುತ್ತದೆ. ಹೋದ ತಿಂಗಳು ಗುಬ್ಬಿ ನಿಮ್ಮ ಹಳೆಯ ಅಂಗಿಯನ್ನು ಹಗ್ಗದಿಂದಿಳಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. "ಅಜ್ಜೀ, ಅಪ್ಪ ಬಂದ್ರು, ಆದ್ರೆ ತಲೆ ತಂದಿಲ್ಲ" ಅಂದಳು. ಅತ್ತೆ, "ನಿಮ್ಮಪ್ಪ ತಲೆ ಮರೆಯೋದು ಹೊಸದೇನಲ್ಲ ಬಿಡು" ಎಂದು ನಕ್ಕರು. ಅವರು ಹಾಗೆ ಮನಸಾರೆ ನಕ್ಕದ್ದು ಅದೇ ಕೊನೆ. ಅದಾದ ಮಾರನೆಯ ಬೆಳಗ್ಗೆಯೇ ಗಾಡಿ ಬಂತು.

ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಚಳಿಗಾಲದಲ್ಲಿ ಯಾವ ಗಾಡಿಯೂ ಎಂಜಿನ್ ನಿಲ್ಲಿಸುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ರೇಷನ್ ಗಾಡಿಯಾಗಲಿ ಹಾಲಿನ ಗಾಡಿಯಾಗಲಿ ಗುರುಗುಟ್ಟುತ್ತಲೇ ನಿಲ್ಲುತ್ತವೆ. ಒಮ್ಮೆ ನಿಲ್ಲಿಸಿದರೆ ಈ ಶೀತಕ್ಕೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಆದರೆ ನಿಮಗೆ ಗೊತ್ತಿಲ್ಲದ್ದು ಒಂದಿದೆ. ನಾವು ಹೆಂಗಸರು ದಿನವೆಲ್ಲ ಆ ಗುರುಗುಟ್ಟುವಿಕೆಗೆ ಒಂದು ಕಿವಿ ಕೊಟ್ಟೇ ಕೆಲಸ ಮಾಡುತ್ತೇವೆ. ಸದ್ದು ಇದ್ದರೆ ಜೀವನ ನಡೆಯುತ್ತಿದೆ ಎಂದು. ಎಂಜಿನ್ ನಿಲ್ಲಿಸುವ ಗಾಡಿ ಒಂದೇ. ಅದು ಸಾಮಾನು ತರುವುದಿಲ್ಲ, ಸಾವಿನ ಸುದ್ದಿ ತರುತ್ತದೆ.

ಅಂದು ಮಂಜು ಎಷ್ಟಿತ್ತೆಂದರೆ ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ನಾನು ಒಲೆಗೆ ಇದ್ದಿಲು ಹಾಕುತ್ತಿದ್ದೆ. ಎಂಜಿನ್ ನಿಂತಿತು, ನಮ್ಮ ಬಾಗಿಲ ಮುಂದೆಯೇ. ಬೂಟಿನ ಸದ್ದು ಮೆಟ್ಟಿಲು ಹತ್ತಿತು. ಬಾಗಿಲು ಬಡಿದರು. ನನ್ನ ಕಾಲು ಎತ್ತಿಡಲು ಆಗಲಿಲ್ಲ. ಅತ್ತೆ ನನ್ನನ್ನು ತೋಳಿನಿಂದ ಹಿಂದಕ್ಕೆ ಸರಿಸಿ ತಾವೇ ಹೋಗಿ ಬಾಗಿಲು ತೆಗೆದರು. ಅಧಿಕಾರಿಯೊಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು, ಹಿಂದೆ ಆಸ್ಪತ್ರೆಯ ನರ್ಸಮ್ಮ.

"ಇದು ಡ್ರೈವರ್ ಮನೇನಾ ಅಮ್ಮಾ?" ಎಂದು ಕೇಳಿದರು.

ಎಲ್ಲ ಮನೆಗೂ ಅದೇ ಹಸಿರು ಬಾಗಿಲು, ನಂಬರಿನ ಮೇಲೆಲ್ಲ ಹಿಮ ಕಟ್ಟಿತ್ತು. ಪಾಪ, ಅವರಿಗೂ ಗೊತ್ತಾಗಲಿಲ್ಲ.

ಅತ್ತೆ ಎರಡು ಕೈಯನ್ನೂ ಎತ್ತಿ ಚಪ್ಪಾಳೆ ಹೊಡೆದರು. ನಿಜವಾಗಿಯೂ ಹೊಡೆದರು. "ಅಯ್ಯೋ ಅಲ್ಲಪ್ಪಾ, ನಮ್ಮದಲ್ಲ! ನಮ್ಮದಲ್ಲ! ದೇವರು ದೊಡ್ಡವನು! ಪಕ್ಕದ್ದು, ಪಕ್ಕದ ಮನೇದು!" ಎಂದು ಕೂಗಿ ಕೂಗಿ ನಕ್ಕರು.

ಅಕ್ಕ ನಡುಗೋಡೆಯ ಆಚೆ, ತನ್ನ ಹೊಸ್ತಿಲ ಮೇಲೆ ಬಕೆಟ್ ಹಿಡಿದು ನಿಂತಿದ್ದಳು. ಮಂಜಿನಲ್ಲಿ ನಮಗೆ ಕಾಣಲಿಲ್ಲ. ಬಕೆಟ್ ಬಿದ್ದ ಸದ್ದು ಕೇಳಿದ ಮೇಲೆಯೇ ತಿಳಿದದ್ದು. ಅಕ್ಕನ ಗಂಡ ಡ್ರೈವರ್ ಭಾವ ಲಾರಿಯ ಜೊತೆ ಕಣಿವೆಗೆ ಜಾರಿಹೋದ ಸುದ್ದಿ ನಿಮಗೂ ಮುಟ್ಟಿರಬಹುದು. ಅಕ್ಕನಿಗೆ ಅದನ್ನು ಹೇಳಬೇಕೆಂದು ಅವರು ಏನೇನು ಮಾತು ಜೋಡಿಸಿಕೊಂಡು ಬಂದಿದ್ದರೋ. ಅವಳಿಗೆ ಮೊದಲು ಕೇಳಿಸಿದ್ದು ಅತ್ತೆಯ ನಗು.

ಆಮೇಲೆ ಅಕ್ಕ ನಮ್ಮ ಕಡೆ ತಲೆಯೆತ್ತಿ ನೋಡಲಿಲ್ಲ. ಅತ್ತೆ ದಿನವೂ ಅಡುಗೆ ಮಾಡಿ ನಡುಗೋಡೆಯ ಮೇಲಿಟ್ಟು ಬರುತ್ತಿದ್ದರು. ಪಾತ್ರೆ ಮುಚ್ಚಿದ್ದು ಮುಚ್ಚಿದ ಹಾಗೆಯೇ ಸಂಜೆಗೆ ತಣ್ಣಗೆ ಕೂತಿರುತ್ತಿತ್ತು. ನಾನೊಮ್ಮೆ ಹೋದೆ. ಅಕ್ಕ ಬಾಗಿಲಲ್ಲೇ, "ನಿನ್ ಮೇಲೆ ಕೋಪ ಇಲ್ಲ ಕಣೆ. ಆದ್ರೆ ನಿಮ್ಮ ಮನೆ ಗೋಡೆ ನೋಡಿದ್ರೆ ಅದೇ ಕೇಳ್ಸತ್ತೆ. ಹೋಗು" ಅಂದಳು. ಬಂದುಬಿಟ್ಟೆ. ನನಗೆ ಮಾತು ಬರುವುದೇ ಅಷ್ಟಕ್ಕಷ್ಟೆ, ನಿಮಗೆ ಗೊತ್ತಲ್ಲ.

ಇದರ ಮಧ್ಯೆ ಗುಬ್ಬಿ ಹೊಸ ಆಟ ಕಲಿತಳು. ನಿಮ್ಮ ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲು ಬಡಿದು, "ಇದು ಡ್ರೈವರ್ ಮನೇನಾ ಅಮ್ಮಾ?" ಅಂದಳು. ಮೊಮ್ಮಗಳ ಮೈಮೇಲೆ ಎಂದೂ ಕೈ ಎತ್ತದ ಅತ್ತೆ ಅಂದು ಹೊಡೆದರು. ಆಮೇಲೆ ಇಬ್ಬರೂ ಒಂದೇ ಕಂಬಳಿಯೊಳಗೆ ಕೂತು ಅತ್ತರು.

ಗಂಡ ಇಲ್ಲದ ಮೇಲೆ ಮನೆ ಬಿಡಬೇಕಲ್ಲ. ಮನೆ ಒಪ್ಪಿಸಿಕೊಳ್ಳಲು ಕ್ವಾರ್ಟರ್ಸ್ ಗುಮಾಸ್ತ ಬಂದ. ನಲ್ಲಿ, ಬಲ್ಬು, ಗೋಡೆಯ ಕೊಕ್ಕೆ, ಎಲ್ಲ ಮುಟ್ಟಿ ನೋಡಿದ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತುಬಿಟ್ಟ. ಮಳೆಗಾಲದಲ್ಲಿ ನಮ್ಮ ಗುಬ್ಬಿ ಕಲ್ಲೆಸೆದು ಒಡೆದ ಗಾಜು ಅದು. ಅಕ್ಕ ಒಂದು ಮಾತೂ ಆಡದೆ ರಟ್ಟು ಅಂಟಿಸಿಕೊಂಡಿದ್ದಳು. "ಗಾಜು ಇಲ್ದೆ ನಾನು ಸಹಿ ಮಾಡೋ ಹಾಗಿಲ್ಲಮ್ಮ" ಅಂದ. ಗಾಜು ಸ್ಟೋರಿನಲ್ಲಿಲ್ಲ, ಚಳಿಗಾಲದ ಲಾರಿಗಳು ರೇಷನ್ ಬಿಟ್ಟು ಬೇರೇನೂ ತರುವುದಿಲ್ಲ, ಹಿಮ ಕರಗಿದ ಮೇಲೆಯೇ ಬರುವುದು. ಅವನ ಸಹಿ ಇಲ್ಲದೆ ಅಕ್ಕ ತವರಿಗೆ ಹೊರಡುವಂತಿಲ್ಲ. ಆ ಗೋಡೆ ನೋಡಿಕೊಂಡು ಚಳಿಗಾಲ ಮುಗಿಯುವವರೆಗೆ ಕೂರಬೇಕು.

ನಡುಗೋಡೆಯ ಈಚೆ ನಿಂತು ಅತ್ತೆ ಎಲ್ಲ ಕೇಳಿಸಿಕೊಂಡರು. ಮಾರನೆಯ ದಿನ ಅಕ್ಕ ಕಾಗದಪತ್ರಕ್ಕೆಂದು ಆಫೀಸಿಗೆ ಹೋಗಿದ್ದಾಗ ನನ್ನನ್ನು ಕರೆದರು.

"ನಮ್ಮ ಅಡುಗೆಮನೆ ಗಾಜು ಬಿಚ್ಚು."

"ಅತ್ತೇ, ಈ ಚಳೀಲಿ?"

"ಅವಳು ಇಷ್ಟು ದಿನ ರಟ್ಟು ಕಟ್ಕೊಂಡು ಬದುಕಿದ್ಲಲ್ಲ, ನಮಗೇನು ದಾಡಿ? ಕುಡಗೋಲು ತಾ."

ಕುಡಗೋಲಿನ ತುದಿಯಿಂದ ಸಣ್ಣ ಮೊಳೆಗಳನ್ನು ಎಬ್ಬಿಸಿದೆವು. ಗಾಜನ್ನು ಗುಬ್ಬಿಯ ಹೊದಿಕೆಯಲ್ಲಿ ಸುತ್ತಿ ಮಗುವಿನ ಹಾಗೆ ಹೊತ್ತು ಒಯ್ದೆವು. ಎಲ್ಲ ಮನೆಯ ಕಿಟಕಿಯೂ ಒಂದೇ ಅಳತೆ, ಹಾಗೇ ಕೂತಿತು. ಅಂಚಿಗೆಲ್ಲ ಅತ್ತೆ ಮೈದಾ ಅಂಟು ಮೆತ್ತಿ ಹೆಬ್ಬೆರಳಿನಿಂದ ಒತ್ತಿದರು. ಅವರ ಬೆರಳು ಚಳಿಗೆ ಒಡೆದು ರಕ್ತ ಬರುತ್ತಿತ್ತು. ನಾನು ಮಾಡುತ್ತೇನೆಂದರೆ ಬಿಡಲಿಲ್ಲ.

ಸಂಜೆ ಅಕ್ಕ ನಡುಗೋಡೆಗೆ ಬಂದಳು. ಗಾಡಿ ಬಂದ ದಿನದ ನಂತರ ಅತ್ತೆಯ ಜೊತೆ ಅದೇ ಮೊದಲ ಮಾತು. "ಗಾಜು ನಿಮ್ಮದಾ ಅತ್ತೆ?"

"ನಮ್ಮದ್ಯಾಕಾಗತ್ತೆ? ಸರ್ಕಾರದ್ದು" ಅಂದರು ಅತ್ತೆ, ಮುಖ ಎತ್ತದೆ.

ಅಕ್ಕನ ಬಾಯಿಯ ಅಂಚು ನಗುವ ಹಾಗೆ ಆಗಿ, ಅಲ್ಲೇ ಮುರಿಯಿತು. "ಆ ಸುದ್ದಿ ನಮ್ಮನೇಗೆ ಬರ್ದೆ ನಿಮ್ಮನೇಗೆ ಬಂದಿದ್ರೆ, ನಾನೂ ಹಾಗೇ ಕೂಗ್ತಿದ್ದೆ ಅತ್ತೆ. ಅದು ನನಗೆ ಗೊತ್ತು. ಅದನ್ನೇ ನನ್ನ ಕೈಲಿ ತಡ್ಕೊಳ್ಳಕ್ಕಾಗ್ತಿಲ್ಲ" ಅಂದಳು. ಅತ್ತೆ ಕೈ ಚಾಚಿದರು. ಅಕ್ಕ ಆ ಕೈ ಹಿಡಿಯಲಿಲ್ಲ, ದೂರವೂ ತಳ್ಳಲಿಲ್ಲ. ಅಂದು ನಡುಗೋಡೆಯ ಮೇಲಿಟ್ಟ ಪಾತ್ರೆಯನ್ನು ಮಾತ್ರ ಒಳಗೆ ತೆಗೆದುಕೊಂಡು ಹೋದಳು.

ಗುಮಾಸ್ತ ಬಂದು ಸಹಿ ಮಾಡಿದ. ಅಕ್ಕ ಹೋದಳು. ಲಾರಿ ಹತ್ತುವಾಗ ನನ್ನ ಕೈಗೆ ತನ್ನ ಪೆನ್ನು ಕೊಟ್ಟು, "ಇನ್ಮೇಲೆ ನೀನೇ ಬರಿ. ತಪ್ಪಾದ್ರೆ ಆಗ್ಲಿ" ಅಂದಳು.

ನಮ್ಮ ಕಿಟಕಿಗೆ ಈಗ ರಟ್ಟು ಬಿಗಿದಿದ್ದೇವೆ. ಅಡುಗೆಮನೆ ಹಗಲಲ್ಲೂ ಕತ್ತಲೆ. ಅಭ್ಯಾಸವಾಗಿದೆ. ನೀವು ಕಾಲುಚೀಲ ಒದ್ದೆಯಾದರೆ ಹಾಗೇ ಇರಬೇಡಿ. ಎದೆಗೆ ಉಣ್ಣೆ ಬಿಟ್ಟು ಹೊರಗೆ ಹೋಗಬೇಡಿ. ಗುಬ್ಬಿ ಮುತ್ತು ಕೊಟ್ಟಿದ್ದಾಳೆ, ನೀವು ಬಂದರೆ ತಲೆ ತರಬೇಕಂತೆ. ಅತ್ತೆ ತಮ್ಮ ಆಶೀರ್ವಾದ ಬರೆಯಲು ಹೇಳಿದರು: ಮಗ ತಣ್ಣಗಿರಲಿ ಎಂದು ಬರೀಬೇಡ, ಬೆಚ್ಚಗಿರಲಿ ಅಂತ ಬರಿ ಅಂದರು. ಬೆಚ್ಚಗಿರಿ.

ಇಂತು ನಿಮ್ಮ,
ಗುಬ್ಬಿಯ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮಿಲಿಟರಿಯವನಿಗೆ ಮನೆಯಿಂದ ಭಯ ಕಳಿಸಬಾರದು ಎಂದು ಅತ್ತೆ ಆಣೆ ಹಾಕಿದ್ದಾರೆ. ಆದರೂ ಬರೆಯುತ್ತೇನೆ.

ನಿಮ್ಮ ಅಣ್ಣ ಸತ್ತ ಸುದ್ದಿ ಬಂದಾಗ ನೀವು ಶಾಲೆಯಲ್ಲಿದ್ದಿರಿ, ಬಾಗಿಲು ತೆಗೆದದ್ದು ಮಾವ ಎಂದು ನನಗೆ ಹೇಳಿದ್ದಿರಿ. ಅಲ್ಲವಂತೆ. ತೆಗೆದದ್ದು ಅತ್ತೆ. ಮಗನಿಗೆ ರಜ ಸಿಕ್ಕಿದೆ ಎಂದು ಹೇಳಲು ಮಿಲಿಟರಿಯವರು ಬಂದಿದ್ದಾರೆಂದುಕೊಂಡು, ಬನ್ನಿ ಬನ್ನಿ ಎಂದು ಒಳಗೆ ಕರೆದು ಕುರ್ಚಿ ಹಾಕಿ ಟೀ ಮಾಡಿಕೊಟ್ಟರಂತೆ. ಬಂದವರಿಗೆ ಹೇಳಲು ಬಾಯಿ ಬರಲಿಲ್ಲ. ಅತ್ತೆ ಮಗನನ್ನು ಹೊಗಳುತ್ತ ಕೂತರು, ಅವರು ಟೀ ಕುಡಿದರು. ಲೋಟ ಕೆಳಗಿಟ್ಟ ಮೇಲೆ ಹೇಳಿದರಂತೆ. ಇಷ್ಟು ವರ್ಷ ಈ ಟೀಯ ಮಾತನ್ನು ಮಾವನಿಗೂ ಹೇಳಿರಲಿಲ್ಲ. ಅಕ್ಕ ಹೋದ ದಿನ ಕತ್ತಲೆಯ ಅಡುಗೆಮನೆಯಲ್ಲಿ ನನಗೆ ಹೇಳಿದರು.

ಸಹಿಯ ಮಾತು ಕೇಳಿದಾಗಲೆಲ್ಲ "ನಿಮ್ಮಿಷ್ಟ" ಎಂದು ಬರೆಸಿದ್ದೆ. ಬರೆಯುತ್ತಿದ್ದವಳು ಅಕ್ಕ; ಅವಳ ಗಂಡ ಹೋದ ವರ್ಷವಷ್ಟೇ ಸಹಿ ಹಾಕಿ ಖುಷಿಯಲ್ಲಿದ್ದರು. ಅವಳ ಕೈಯಿಂದ ಬೇರೆ ಮಾತು ಹೇಗೆ ಬರೆಸಲಿ? ಈಗ ಕೈ ನನ್ನದು. ನಿಮ್ಮ ತಾಯಿಗೆ ಮೂರನೇ ಸಲ ಬಾಗಿಲು ತೆಗೆಯಲು ಆಗುವುದಿಲ್ಲ. ನನಗೆ ಮೊದಲನೇ ಸಲವೇ ಆಗಲಿಲ್ಲ. ಸಹಿ ಹಾಕಬೇಡಿ. ಮನೆಗೆ ಬನ್ನಿ.

ಗಾಳಿಗೆ ಮುಂಬಾಗಿಲಿನ ಚಿಲಕ ಕಟಕಟ ಎಂದಾಗಲೆಲ್ಲ ಅತ್ತೆ ಬೆಚ್ಚಿ ಎದ್ದು ಕೂರುತ್ತಾರೆ. ಈ ದಿನ ಬೆಳಗ್ಗೆ ನಿಮ್ಮ ಹಳೆಯ ಉಣ್ಣೆ ಕಾಲುಚೀಲವೊಂದನ್ನು ಕತ್ತರಿಸಿ ಚಿಲಕಕ್ಕೆ ಸುತ್ತಿ, ದಾರದಿಂದ ಬಿಗಿದು ಕಟ್ಟಿದೆ.