ಕಿಟಕಿ ಸಮೇತ ಮಾರಾಟಕ್ಕಿದೆ

ಮೇ 4, ಬೆಳಿಗ್ಗೆ

ಯಾರದು ಓದುತ್ತಿರುವುದು? ಕೈ ತೆಗೆ. ಮುದುಕಿಯ ಪುಸ್ತಕದಲ್ಲಿ ಬಂಗಾರ ಹೂತಿಟ್ಟಿದೆಯೇನು? ಕದ್ದು ಓದುವವರಿಗೆ ಕೊಂಚ ಬುದ್ಧಿಯಾದರೂ ಬೇಡವೇ? ಅಡುಗೆಮನೆ ಕಿಟಕಿಯ ತಿರುಗಣಿ ಕಿರುಗುಟ್ಟುತ್ತದೆ ಎಂದು ಹೋದ ವಾರ ಇಲ್ಲಿ ಬರೆದಿದ್ದೆ. ಇಲ್ಲಿ ಮಾತ್ರ. ಬಾಯಿ ಬಿಟ್ಟು ಯಾರಿಗೂ ಹೇಳಿಲ್ಲ. ಇವತ್ತು ತೆರೆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಎಣ್ಣೆ ಬಿದ್ದಿದೆ. ಮನೆಯ ಇನ್ನೊಂದು ಕೀಲಿಕೈ ಇರುವುದು ಸೊಸೆಯ ಹತ್ತಿರ. ಕಳ್ಳರು ಯಾರೆಂದು ನಾನು ಹೇಳುವುದಿಲ್ಲ.

ದಲ್ಲಾಳಿ ಬಂದು ಹೋದ. ಮೈಗೆ ಅಷ್ಟು ಅತ್ತರು ಸುರಿದುಕೊಳ್ಳುತ್ತಾನೆ, ಅವನು ಮೆಟ್ಟಿಲ ಬುಡದಲ್ಲಿದ್ದಾಗಲೇ ನನಗೆ ಸೀನು. ಘಮಘಮ ಎಂದು ಹೆಸರಿಟ್ಟಿದ್ದೇನೆ.

"ಯಾರಾದ್ರೂ ನೋಡೋಕೆ ಬಂದಾಗ ಓಣಿ ಕಡೆಯ ಅಡುಗೆಮನೆ ಕಿಟಕಿ ಮುಚ್ಚಿಡಿ ಅಮ್ಮ. ಕೆಳಗಿನ ಗದ್ದಲ ಕೇಳಿಸಿದ್ರೆ ಓಡಿಹೋಗ್ತಾರೆ."

"ಹಾಗಾದ್ರೆ ನಿನ್ನನ್ನೂ ಹೊರಗೇ ನಿಲ್ಲಿಸ್ತೀನಿ. ಆ ವಾಸನೆಗೂ ಓಡಿಹೋಗ್ತಾರೆ."

ಗದ್ದಲವಂತೆ. ಮೇಲೆ ಗಾಜಿನ ಮಾಡು, ಕೆಳಗೆ ಕಪ್ಪು ಬಿಳುಪು ಕಲ್ಲಿನ ಓಣಿ, ಎರಡೂ ಬದಿ ಅಂಗಡಿ, ಅಂಗಡಿಗಳ ಮೇಲೆ ನನ್ನ ಮನೆ. ನೂರಾರು ವರ್ಷದ ಆರ್ಕೇಡು. ಬೆಳಗಿನ ಬಿಸಿಲು ಗಾಜಿನಿಂದ ಸೋಸಿ ಇಳಿದು ಟೋಪಿ ಅಂಗಡಿಯ ಹಿತ್ತಾಳೆ ಬಾಗಿಲಿಗೆ ತಾಗುತ್ತದಲ್ಲ, ಆಗ ಓಣಿಗೆ ಓಣಿಯೇ ಹೊಸ ಮದುವಣಗಿತ್ತಿ. ಕಟ್ಟಿದವನ ಕೈಗೆ ದೊಡ್ಡ ನಮಸ್ಕಾರ. ಲಿಫ್ಟ್ ಇಡಲು ಮಾತ್ರ ಜಾಗ ಬಿಡಲಿಲ್ಲ. ಈಗ ಕೂರಿಸೋಣವೆಂದರೆ ಹಳೇ ಕಟ್ಟಡ, ಮುಟ್ಟಬಾರದು ಎಂದು ಕಾನೂನು. ನನ್ನ ಮಂಡಿಗೆ ಅಂಥ ಕಾನೂನಿಲ್ಲ, ಅದು ಸವೆದುಹೋಯಿತು. ಅದಕ್ಕೇ ಮಾರಾಟ. ಮಗನ ಮನೆ ನೆಲಮಟ್ಟದಲ್ಲೇ ಇದೆ, ಒಂದು ಮೆಟ್ಟಿಲೂ ಇಲ್ಲ.

ಮೇ 9

ಹಲ್ಲಿನ ಡಾಕ್ಟರು ಹೆಂಡತಿ ಸಮೇತ ಬಂದರು. ಆಕೆ ಮೆಟ್ಟಿಲ ಕಟಕಟೆ ಸವರಿದ ರೀತಿ ಹಿಡಿಸಿತು — ಮರದ ಬೆಲೆ ಬಲ್ಲ ಕೈ. ಎಲ್ಲವೂ ಚಂದವಂತೆ. ನಾನೂ ಚಂದವಂತೆ.

ಆಮೇಲೆ ಕೆಳಗಿಳಿದು, ಬಂದವರೆಲ್ಲ ಮಾಡುವ ತಪ್ಪನ್ನೇ ಮಾಡಿದರು. ನನ್ನ ಕಿಟಕಿಯ ನೇರ ಕೆಳಗೆ, ಓಣಿಯ ನಡುವೆ ನಿಂತು ಗುಟ್ಟು ಮಾತಾಡಿದರು. ಗಾಜಿನ ಮಾಡು ಪಿಸುಮಾತನ್ನೂ ಎತ್ತಿ ತಂದು ನನ್ನ ಒಲೆಯ ಪಕ್ಕ ಇಡುತ್ತದೆ. ಮದುವೆಯಾಗಿ ಬಂದ ದಿನದಿಂದ ಕೇಳುತ್ತಿದ್ದೇನೆ. ಇಡೀ ಓಣಿಯ ಗುಟ್ಟು ನನ್ನ ಹೊಟ್ಟೆಯಲ್ಲಿದೆ.

"ಕಿಟಕಿಗೆಲ್ಲ ಎರಡು ಪದರ ಗಾಜು ಹಾಕಿ ಸೀಲ್ ಮಾಡಿಸ್ಬಿಡೋಣ," ಅಂದ ಆತ. "ವಾರಕ್ಕೊಬ್ಬರಿಗೆ ಬಾಡಿಗೆಗೆ ಬಿಟ್ರೆ ಆಯ್ತು. ನಾವೇನು ಇಲ್ಲಿ ಇರ್ತೀವಾ?"

ಕೂಸು ಹುಟ್ಟುವ ಮುಂಚೆ ಕುಲಾವಿ. ಮೇಲಿನ ಬೇರೆ ಮನೆಗಳೆಲ್ಲ ಆಫೀಸು, ಗೋದಾಮು ಆಗಿಹೋದವು. ದೀಪ ಹಚ್ಚಿ ಮಲಗುವ ಮನೆ ಇದೊಂದೇ.

ಆದರೂ ಬೆಲೆ ಒಳ್ಳೆಯದೇ ಕೊಡುತ್ತಾರೆ. ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ.

ಮೇ 17, ಮಧ್ಯಾಹ್ನ

ಇವತ್ತಿನದನ್ನು ಹೇಗೆ ಬರೆಯಲಿ...

ಒಬ್ಬ ಮಗ, ಅವನ ತಾಯಿ. ನನ್ನ ವಾರಿಗೆಯವಳು. ಕಣ್ಣು ಪೂರ್ತಿ ಹೋಗಿದೆ, ಕಾಲು ಗಟ್ಟಿ. ನನ್ನದು ತಿರುಗಾಮುರುಗಾ. ಮೆಟ್ಟಿಲು ಹತ್ತಿ ಬಂದರೂ ಏದುಸಿರಿಲ್ಲ. ಹೊಟ್ಟೆಕಿಚ್ಚಾಯಿತು.

"ಎಲ್ಲೋ ಕಿಟಕಿ ಮುಚ್ಚಿದ್ದೀರಿ," ಅಂದಳು. "ತೆಗೀರಿ."

ಘಮಘಮ ಬೇಡ ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದ. ತೆಗೆದೆ. ಆಕೆ ಹಲಗೆಯ ಮೇಲೆ ಕೈಯಿಟ್ಟು ಕಿವಿಗೊಟ್ಟಳು. ಶಟರ್ ಎತ್ತಿದ ಸದ್ದು. ಯಾರೋ ನಕ್ಕರು. ಗಡಿಯಾರದಂಗಡಿಯಲ್ಲಿ ಎಲ್ಲ ಗಡಿಯಾರವೂ ಒಂದರ ಹಿಂದೊಂದು ಹೊಡೆದವು.

"ಮಗಾ, ಮನೆ ತುಂಬ ಜನ ಇದ್ದ ಹಾಗಿದೆ ಕಣೋ," ಅಂದಳು.

ಕೆಳಗಿಳಿದು ಅವರೂ ಅಲ್ಲೇ ನಿಂತರು. ನಾನೂ ಕಿವಿ ಕೊಟ್ಟೆ. ಮಗ ಏನೋ ಶುರು ಮಾಡಿದ. ತಾಯಿ ತಡೆದಳು.

"ಮೆತ್ತಗೆ. ಮೇಲಿರೋರಿಗೆ ಕೇಳ್ಸುತ್ತೆ. ನಾವು ಬರ್ತಾ ಇದ್ದಾಗ, ಕಿಟಕಿ ಮುಚ್ಚೋ ಮೊದಲು, ಆಯಮ್ಮ ದಲ್ಲಾಳಿಗೆ ಅತ್ತರಿನ ಹಂಡೆ ಅಂದಿದ್ದು ನಂಗೆ ಇಲ್ಲೇ ಕೇಳಿಸ್ತಲ್ಲ."

ಮೇಲೆ ಬರುವ ಮಾತು ಕೆಳಗೂ ಇಳಿಯುತ್ತದೆ ಎಂದು ಇಷ್ಟು ವರ್ಷ ನನಗೆ ಹೊಳೆದೇ ಇಲ್ಲ. ತನ್ನ ಬೆನ್ನು ತನಗೆ ಕಾಣದು ಅಂತಾರೆ. ತನ್ನ ಬಾಯಿಯೂ ತನಗೆ ಕೇಳದು.

ಸಂಜೆ

ಬ್ರೆಡ್ಡು ತಂದುಕೊಟ್ಟ ಗಡಿಯಾರದವನನ್ನು ಹಿಡಿದು ಕೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ.

"ಓಣಿಗೆಲ್ಲ ಗೊತ್ತು ಅಮ್ಮ. ನಿಮ್ಮ ಮೊದಲನೇ ಬೈಗುಳ ಕೇಳಿದ ಮೇಲೇ ನಾವು ಶಟರ್ ಎತ್ತೋದು. ಅವತ್ತು ಕಿಟಕಿ ಕಿರುಗುಟ್ಟಲಿಲ್ಲ ಅಂತ ಟೋಪಿಯವಳು ಗಾಬರಿಬಿದ್ದು ಅರ್ಧ ಮೆಟ್ಟಿಲು ಹತ್ತಿದ್ಳು. ನೀವು ದಲ್ಲಾಳಿಗೆ ಬೈಯೋದು ಕೇಳಿ ಸಮಾಧಾನವಾಗಿ ಇಳಿದುಬಂದ್ಳು."

"ಸೊಸೆಗೂ ಬೈದಿದ್ದೀನಲ್ಲೋ."

"ಅವರಿಗೂ ಗೊತ್ತು. ನಮ್ಮ ಅಂಗಡಿ ಮುಂದೆ ನಿಂತು, ನಿಮ್ಮದು ಮುಗಿಯೋ ತನಕ ಕಾದು, ಆಮೇಲೆ ಮೇಲೆ ಬರ್ತಾರೆ. ಒಂದೊಂದು ದಿನ ಬೈಗುಳ ಒಳ್ಳೇದಿದ್ರೆ ಅವರೂ ನಗ್ತಾರೆ."

ಮೇ 18

ಬಾಯಿ ಮುಚ್ಚಿಕೊಂಡಿದ್ದೆ. ಶಟರ್ ಒಂದೂ ಏಳಲಿಲ್ಲ. ಹಾಲು ಉಕ್ಕಿಸಿದ ಒಲೆಗೆ ನಾಲ್ಕು ಮಾತು ಬಿಟ್ಟೆ. ಗಡಗಡ ಎಂದು ಓಣಿ ತೆರೆಯಿತು.

ಮೇ 26

ಕದ್ದು ಓದುವವಳೇ, ಇದು ನಿನಗೇ.

ಮನೆ ನಮ್ಮಿಬ್ಬರ ಹೆಸರಲ್ಲಿದೆ. ನಿನ್ನ ಮಾವ ಹಾಗೆ ಬರೆಸಿದಾಗ ನಾನು ಮೂರು ದಿನ ಊಟ ಬಿಟ್ಟಿದ್ದೆ. ಮನುಷ್ಯ ಬುದ್ಧಿವಂತ, ಈಗ ತಿಳಿಯಿತು. ಘಮಘಮ ನಿನ್ನ ಹತ್ತಿರವೂ ಬಂದಿರುತ್ತಾನೆ. ಡಾಕ್ಟರು ಹೆಚ್ಚು ಕೊಡುತ್ತಾರೆ, ನಿಜ. ಆ ತಾಯಿ ಮಗ ಅಷ್ಟು ಕೊಡಲಾರರು. ಆದರೆ ಡಾಕ್ಟರು ಈ ಕಿಟಕಿಗೆ ಹೊಲಿಗೆ ಹಾಕಿಸುತ್ತಾರೆ. ಆ ತಾಯಿ ಇದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಬೈಯಲು ಬರುತ್ತದೋ ಇಲ್ಲವೋ... ಓಣಿ ಕಲಿಸುತ್ತದೆ.

ನನ್ನ ಸಹಿ ಆಕೆಗೆ. ನಿನ್ನದಿಲ್ಲದೆ ಆಗದು. ಎದುರು ನಿಂತು ಕೇಳು ಎನ್ನಬೇಡ, ನನಗೆ ಬರುವುದಿಲ್ಲ. ಓಣಿಯಲ್ಲೆಲ್ಲ ಕೇಳುವಂತೆ ಬೈಸಿಕೊಂಡು, ಅದೇ ಓಣಿಯಲ್ಲಿ ತಲೆಯೆತ್ತಿ ನಡೆದು ಬಂದು, ಕೇಳದೆಯೇ ತಿರುಗಣಿಗೆ ಎಣ್ಣೆ ಬಿಟ್ಟು ಹೋಗುವ ಹೆಣ್ಣು ನೀನು. ನನ್ನಿಂದಾಗುತ್ತಿರಲಿಲ್ಲ.

ಕೆಳಗೆ ಗಡಿಯಾರದವನು ಯಾರನ್ನೋ ಮಾತಾಡಿಸುತ್ತಿದ್ದಾನೆ... ನಿನ್ನ ಧ್ವನಿ. ನನ್ನದು ಮುಗಿಯಲಿ ಎಂದು ಕಾಯುತ್ತಿದ್ದೀಯ. ಇವತ್ತು ಬೈಗುಳ ಇಲ್ಲ, ಮೇಲೆ ಬಾ. ಪುಸ್ತಕ ಮೇಜಿನ ಮೇಲೆ ತೆರೆದೇ ಇಡುತ್ತೇನೆ, ಪೆನ್ನೂ ಒಳಗೇ ಇದೆ. ಮುಂದಿನ ತಿಂಗಳು ಹುಟ್ಟುವ ಮೊದಲು ಇದರ ಕೆಳಗೇ ಉತ್ತರ ಬರೆ, ಇಲ್ಲದಿದ್ದರೆ—