ಒಂದು ವಾರವೋ, ವಾರಕ್ಕೊಂದೋ

ಫಾರ್ಮಸಿಸ್ಟರ ನೋಂದಣಿ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಔಷಧ ಗೊತ್ತಿರುವವಳ ಬಾಯಿಗೆ ಬೀಗ ಹಾಕಿ, ಗೊತ್ತಿಲ್ಲದವನ ಕೈಗೆ ಅಂಗಡಿ ಬಿಟ್ಟಿದ್ದೀರಿ. ಇದರಿಂದ ಒಬ್ಬಾಕೆ ಸಾವಿನ ಬಾಗಿಲಲ್ಲಿದ್ದಾಳೆ, ಇನ್ನೊಬ್ಬಾಕೆಯ ಗತಿ ಏನಾಯಿತೋ ಗೊತ್ತಿಲ್ಲ. ಅದಕ್ಕೇ ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ನನ್ನ ಸೊಸೆ ಶಿವರಂಜನಿ ಮಸ್ಕತ್‌ನಲ್ಲಿ ಬೆಳೆದು, ಅಲ್ಲೇ ಬಿ.ಫಾರ್ಮ್ ಓದಿ, ಅಲ್ಲಿನ ಆಸ್ಪತ್ರೆಯಲ್ಲಿ ಔಷಧ ಕೊಡುತ್ತಿದ್ದವಳು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ನಿಮ್ಮಲ್ಲಿ ನೋಂದಣಿಗೆ ಅರ್ಜಿ ಹಾಕಿದಳು. ವಿದೇಶದ ಪದವಿಯನ್ನು ಪರಿಶೀಲಿಸಲೇಬೇಕು, ನನ್ನ ತಕರಾರಿಲ್ಲ. ಕಳ್ಳ ಪದವಿಗಳ ಕಾಲವಿದು. ಆದರೆ ನೀವು ಪರಿಶೀಲಿಸಿದ್ದೇನು? ಅವಳ ಕಾಲೇಜಿನ ದೃಢೀಕರಣ ನೇರವಾಗಿ ನಿಮ್ಮ ಕಚೇರಿಗೇ ಬಂತು. ಶಾಯಿಯ ಮೊಹರಿಲ್ಲವೆಂದು ಬದಿಗಿಟ್ಟಿರಿ. ಆ ಕಾಲೇಜು ಮೊಹರು ಒತ್ತುವುದನ್ನೇ ಬಿಟ್ಟು ಎಲ್ಲಕ್ಕೂ ಕಂಪ್ಯೂಟರಿನಲ್ಲೇ ಸಹಿ ಹಾಕುತ್ತದೆ ಎಂದರೆ, ನಮ್ಮ ನಿಯಮದಲ್ಲಿ ಮೊಹರೇ ಇರುವುದು ಎಂದಿರಿ. ಶಭಾಷ್! ಅವಳಿಗೆ ಔಷಧ ಗೊತ್ತೇ ಎಂದು ಒಂದು ಪ್ರಶ್ನೆ ಕೇಳಲು ಮಾತ್ರ ನಿಮಗೆ ಪುರುಸೊತ್ತಿಲ್ಲ.

ನಮ್ಮ ಮನೆಯೆದುರಿನ ಔಷಧದಂಗಡಿಯಲ್ಲಿ ಮೊಹರಿಗೇನೂ ಬರವಿಲ್ಲ. ನೋಂದಾಯಿತ ಫಾರ್ಮಸಿಸ್ಟರ ಪ್ರಮಾಣಪತ್ರ ಫೋಟೊ ಸಮೇತ ಗೋಡೆಯ ಮೇಲಿದೆ. ಅವರನ್ನು ಕಂಡವರು ಮಾತ್ರ ಊರಲ್ಲಿ ಯಾರೂ ಇಲ್ಲ. ಮಾಲೀಕರ ಬಾಮೈದ ದಿನಾ ಬೆಳಗ್ಗೆ ಆ ಫೋಟೊಕ್ಕೆ ಊದುಬತ್ತಿ ಬೆಳಗಿ ವ್ಯಾಪಾರ ಶುರುಮಾಡುತ್ತಾನೆ. ಬದುಕಿರುವ ಮನುಷ್ಯರಿಗೆ!

ಉಳ್ಳಾರ್ತಿ ಕಾವಲಿನ ಕಡೆ ಕುರಿ ಮೇಯಿಸುವ ಮೂಗಮ್ಮ ಎಂಬಾಕೆಗೆ ಕೀಲುವಾತ. ಡಾಕ್ಟರು ಬರೆದದ್ದು ವಾರಕ್ಕೊಮ್ಮೆ ನುಂಗುವ ಗುಳಿಗೆ. ದಿನಾ ನುಂಗಿದರೆ ಅದೇ ವಿಷ. ಬಾಮೈದ ಕೊಡುತ್ತಾ, “ಒಂದೊಂದೇ, ವಾರ ತಗಳವ್ವ” ಎಂದನಂತೆ. ಆಮೇಲೆ ಒಂದು ದಿನ ಆಕೆ ಬಾಯಿ ತುಂಬ ಹುಣ್ಣಾಗಿ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಶಿವರಂಜನಿ ಗುಳಿಗೆಯ ಪಟ್ಟಿ ಕಿತ್ತುಕೊಂಡು ನೋಡಿದಳು.

“ದಿನಾ ನುಂಗಿದ್ಯಾ ಅವ್ವಾ?”

“ಹೂಂ ಕಣವ್ವಾ. ವಾರ ಅಂದ, ವಾರಪೂರ್ತಿ ತಗಂಡೆ. ಒಂದಿನಾನೂ ತಪ್ಪಿಸ್ಲಿಲ್ಲ.”

ಕೂಡಲೇ ದಾವಣಗೆರೆಯ ಆಸ್ಪತ್ರೆಗೆ ಸಾಗಿಸಿದೆವು. ವಸಡಿನಿಂದ ಸುರಿಯುವ ರಕ್ತ ಇನ್ನೂ ನಿಂತಿಲ್ಲ. ವೈದ್ಯರು ಭರವಸೆ ಕೊಡುತ್ತಿಲ್ಲ.

ಅಂದಿನಿಂದ ಸೊಸೆ, ಬಸ್ಸಿಗೆಂದು ನಮ್ಮ ಕಟ್ಟೆಯ ಮೇಲೆ ಕೂರುವವರ ಗುಳಿಗೆ ನೋಡಿ ಹೇಳತೊಡಗಿದಳು. ವಾರಕ್ಕೊಮ್ಮೆಯ ಗುಳಿಗೆಯಾದರೆ ಕೇಳುವಳು: “ಯಾವ ವಾರ ಒಪ್ಪತ್ತು ಇರ್ತೀಯಮ್ಮಾ? ಸೋಮವಾರನಾ? ಹಂಗಾದ್ರೆ ಸೋಮವಾರ ಒಂದೇ ದಿನ ನುಂಗು, ಮಿಕ್ಕ ದಿನ ಮುಟ್ಟಬ್ಯಾಡ.” ಒಪ್ಪತ್ತಿನ ದಿನವನ್ನು ನಮ್ಮ ಹೆಂಗಸರು ಮರೆಯುತ್ತಾರೆಯೇ? ಅಂಗಡಿಯವರು ದೂರು ಕೊಟ್ಟರು. ಅಷ್ಟು ದಿನ ಅಲುಗದ ನಿಮ್ಮ ಕಚೇರಿ ಲಗುಬಗೆಯಿಂದ ನೋಟಿಸು ಕಳಿಸಿತು: ನೋಂದಣಿಯಿಲ್ಲದೆ ಔಷಧದ ಸಲಹೆ ಕೊಟ್ಟರೆ ಮೊಕದ್ದಮೆ, ಅರ್ಜಿಯೂ ವಜಾ.

ನಿನ್ನೆ ಮೊಳಕಾಲ್ಮುರು ಕಡೆಯ ಯರ್ರಮ್ಮ ಎಂಬಾಕೆ ಅದೇ ಅಂಗಡಿಯಿಂದ ಬಂದು ಎರಡು ಬಗೆಯ ಗುಳಿಗೆ ತೋರಿಸಿ, ತೆಲುಗು ಬೆರೆತ ಕನ್ನಡದಲ್ಲಿ ಕೇಳಿದಳು. “ಅಮ್ಮಾ, ರೆಂಡೂ ದಿನಾ ನುಂಗೋದಾ?” ಸೊಸೆ ನಿಮ್ಮ ನೋಟಿಸು ನೆನೆದು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ.

“ಬ್ಯಾಡ ತಾಯೀ, ಒಂದನ್ನ ವಾರಕ್ಕೊಂದೇ ಸಲ!”

“ಯಾವ್ದನ್ನ?”

ಎರಡೂ ಹಳದಿ. ನಾನು ಒಂದನ್ನು ಮುಟ್ಟಿ ತೋರಿಸಿದೆ. ಬಸ್ಸು ಬಂತು, ಹತ್ತಿದಳು. ಸೊಸೆ ಮನಸ್ಸು ತಡೆಯದೆ ಓಡಿಬಂದು, ಯಾವುದನ್ನು ತೋರಿಸಿದಿರಿ ಎಂದು ಕೇಳಿದಳು. “ಹಳದೀದನ್ನ” ಎಂದೆ. ಮಗ ನಿನ್ನೆಯಿಂದ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಯರ್ರಮ್ಮನನ್ನು ಹುಡುಕುತ್ತಿದ್ದಾನೆ. ಆ ಹೆಸರಿನವರು ಅಲ್ಲಿ ಹಟ್ಟಿಗೊಬ್ಬರಿದ್ದಾರೆ.

ಶಿವರಂಜನಿಯನ್ನು ಇವತ್ತೇ ಕರೆಸಿ. ಎಷ್ಟು ಕಠಿಣ ಪ್ರಶ್ನೆ ಬೇಕಾದರೂ ಕೇಳಿ, ಗೊತ್ತಿದ್ದರೆ ನೋಂದಣಿ ಕೊಡಿ. ಕೊಡಲಾರಿರಾದರೆ ನೀವೇ ಬಂದು ಆ ಅಂಗಡಿಯಲ್ಲಿ ನಿಲ್ಲಿ.

ಇಂತಿ,
ಏನೂ ಗೊತ್ತಿಲ್ಲದ್ದರಿಂದ ನಿಮ್ಮ ನೋಟಿಸಿಗೆ ಸಿಗದೆ ಉಳಿದಿರುವ,
ಮಂಗಳಗೌರಿ
ಚಳ್ಳಕೆರೆ